ಛತ್ರಿಯಲ್ಲೊಂದು ಹುಣಸೆಬೀಜದಷ್ಟು ತೂತು

ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಗಡಿಯಾರದ ಪಕ್ಕದ ಮೊಳೆಗೆ, ಒಂದು ಕಾಗದದ ಛತ್ರಿ ಬಿಚ್ಚಿಕೊಂಡೇ ತೂಗುತ್ತಿದೆ. ಅದರ ಮೇಲೆ ಮೊಳದುದ್ದದ ಒಂದು ಕೆಂಪು ಮೆಣಸಿನಕಾಯಿಯ ಚಿತ್ರವಿದೆ. ಮನೆಗೆ ಬಂದವರೆಲ್ಲ ಮೊದಲು ಕೇಳುವುದು ಅದನ್ನೇ. ಹೂವಿಲ್ಲ, ನವಿಲಿಲ್ಲ, ಛತ್ರಿಯ ಮೇಲೆ ಮೆಣಸಿನಕಾಯಿ ಯಾಕ್ರೀ ಅಕ್ಕಾರ ಎನ್ನುತ್ತಾರೆ. ಮೆಣಸಿನಕಾಯಿಯ ತೊಟ್ಟಿನ ಹತ್ತಿರ ಹುಣಸೆಬೀಜದಷ್ಟು ಒಂದು ತೂತೂ ಇದೆ, ಸುತ್ತ ಸುಟ್ಟು ಕಂದಿದೆ. ಅದನ್ನು ಯಾರೂ ಕೇಳುವುದಿಲ್ಲ. ಇಲಿ ಕಡಿದಿರಬೇಕು ಎಂದುಕೊಳ್ಳುತ್ತಾರೇನೋ. ನಮ್ಮ ಮನೆಯಲ್ಲಿ ಇಲಿ ಇಲ್ಲ. ಇರಲು ನಾನು ಬಿಟ್ಟಿಲ್ಲ.

ಮೆಣಸಿನಕಾಯಿಯ ಕಥೆಯನ್ನು ಬಂದವರಿಗೆಲ್ಲ ಹೇಳಿದ್ದೇನೆ. ತೂತಿನ ಕಥೆಯನ್ನು ನಿಮಗೆ ಹೇಳುತ್ತೇನೆ. ಆದರೆ ಮೆಣಸಿನಕಾಯಿಯನ್ನು ದಾಟದೆ ತೂತಿಗೆ ಹೋಗಲು ದಾರಿಯಿಲ್ಲ.

ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ಮೇಲ್ವಿಚಾರಕಿಯಾಗಿದ್ದವಳು. ಅದಕ್ಕೂ ಮೊದಲು, ಹುಡುಗಿಯಾಗಿದ್ದಾಗ, ವರದಾ ನದಿಯ ದಂಡೆಯ ಒಂದು ಆಶ್ರಮ ಶಾಲೆಯಲ್ಲಿ ಓದಿದವಳು. ಅಲ್ಲಿ ಬೆಳಗಿನ ನಾಲ್ಕೂವರೆಗೆ ಗಂಟೆ, ಆಮೇಲೆ ಪ್ರಾರ್ಥನೆ, ಕಸ ಗುಡಿಸುವುದು, ನೂಲು, ಪಾಠ. ಆ ಗಂಟೆ ಈಗಲೂ ನನ್ನ ತಲೆಯೊಳಗೆ ನಾಲ್ಕೂವರೆಗೆ ಹೊಡೆಯುತ್ತದೆ. ನಿವೃತ್ತಿಯಾದ ಮರುದಿನ ಏಳಕ್ಕೆ ಏಳಬೇಕೆಂದು ಮಲಗಿದ್ದೆ. ನಾಲ್ಕೂವರೆಗೆ ಎದ್ದು, ಏಳಾಗುವುದನ್ನು ಕಾಯುತ್ತ ಕುಳಿತೆ.

ಇಂಥವಳು ಥೈಲ್ಯಾಂಡಿಗೆ ಹೋದದ್ದಕ್ಕೆ ಕಾರಣ ನನ್ನ ತಮ್ಮ ಚನ್ನಬಸಪ್ಪ, ಮನೆಯಲ್ಲಿ ಬಸು. ರಾಣೆಬೆನ್ನೂರಿನಲ್ಲಿ ಅವನದು ಬೀಜದ ಅಂಗಡಿ. ಹೆಚ್ಚು ಬೀಜ ಮಾರಿದ ವ್ಯಾಪಾರಿಗಳನ್ನು ಕಂಪನಿಯವರು ವರ್ಷಕ್ಕೊಮ್ಮೆ ಎಲ್ಲಿಗಾದರೂ ಕರೆದೊಯ್ಯುತ್ತಾರೆ. ಎರಡು ಸಾವಿರದ ಆರರ ಸುಮಾರಿಗೆ ಉತ್ತರ ಥೈಲ್ಯಾಂಡಿನ ಬೆಟ್ಟಗಳ ನಡುವಿನ ಚಿಯಾಂಗ್ ಮಾಯ್ ಎಂಬ ಊರು ಬಂತು. ಜೊತೆಗೆ ಮನೆಯವರೊಬ್ಬರನ್ನು ಕರೆತರಬಹುದಿತ್ತು. ಬಸುವಿನ ಹೆಂಡತಿ ನೀಲವ್ವನಿಗೆ ಬರಲಾಗಲಿಲ್ಲ. ಮಗಳ ಮದುವೆ ಗೊತ್ತಾಗಿತ್ತು; ದೀಪಾವಳಿಯ ಮುಂದಿನ ಗೌರಿ ಹುಣ್ಣಿಮೆಗೆ ಬೀಗರು ಸಕ್ಕರೆ ಆರತಿ, ಎಂದರೆ ಸಕ್ಕರೆ ಅಚ್ಚಿನ ಗೊಂಬೆಗಳನ್ನು, ತರುವವರಿದ್ದರು. ಅದು ಹೆಂಗಸರ ಹಬ್ಬ, ನನಗೇನು ಕೆಲಸ ಎಂದು ಬಸು ಜಾರಿಕೊಂಡ. ನನ್ನ ಮನೆಗೆ ಬಂದು, "ಅಕ್ಕಾ, ನೀ ಬಾ. ನೀ ಬಂದ್ರ ನನಗ ಬ್ಯಾರೆ ಗಡಿಯಾರ ಬೇಕಾಗೂದಿಲ್ಲ" ಎಂದ.

ಇಪ್ಪತ್ತೆರಡು ಜನರ ಗುಂಪು. ನಮ್ಮೊಂದಿಗೆ ಬಂದ ಸಾಮಾನಿನಲ್ಲಿ ಅರ್ಧ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಪುಡಿ. ಬ್ಯಾಡಗಿಯ ಮೆಣಸಿನಕಾಯಿ ದಲಾಲ ಮಲ್ಲೇಶಣ್ಣನ ಪೆಟ್ಟಿಗೆಯಲ್ಲಂತೂ ಬಟ್ಟೆಗಿಂತ ರೊಟ್ಟಿಯೇ ಹೆಚ್ಚಿತ್ತು. ಮೊದಲ ರಾತ್ರಿ ಹೋಟೆಲಿನ ತಣ್ಣನೆಯ ಕೋಣೆಯಲ್ಲಿ ಮಲಗೆದ್ದು ಬಂದ ಅವರು, "ಕೋಲ್ಡ್ ಸ್ಟೋರೇಜಿನ್ಯಾಗ ಮೆಣಸಿನಕಾಯಿ ಚೀಲ ಇಟ್ಟಂಗ ಇಟ್ಟಾರ್ರಿ ನಮ್ಮನ್ನ. ಇನ್ನೊಂದು ವರ್ಷ ಬಣ್ಣ ಹೋಗೂದಿಲ್ಲ" ಎಂದರು.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದೆ. ಎಲ್ಲರೂ ವಿಮಾನ ಇಳಿಯುತ್ತಲೇ ಮುಳ್ಳು ತಿರುಗಿಸಿಕೊಂಡರು. ನಾನು ತಿರುಗಿಸಲಿಲ್ಲ. ನಾಲ್ಕು ದಿನದ ಸಲುವಾಗಿ ನಲವತ್ತು ವರ್ಷದ ಶಿಸ್ತು ಕೆಡಿಸಿಕೊಳ್ಳುವುದೇಕೆಂದು ಕೈಗಡಿಯಾರದಲ್ಲಿ ಹಾವೇರಿಯ ವೇಳೆಯನ್ನೇ ಇಟ್ಟುಕೊಂಡು, ಬೇಕಾದಾಗ ಒಂದೂವರೆ ಕೂಡಿಸಿಕೊಂಡೆ. ಇದರಿಂದ ಆದದ್ದೇನೆಂದರೆ, ನನ್ನ ನಾಲ್ಕೂವರೆ ಅಲ್ಲಿಯ ಆರು. ನಾನು ತಲೆ ಬಾಚಿಕೊಂಡು ಕೆಳಗೆ ಬರುವಷ್ಟರಲ್ಲಿ ಬಸು ಚಹಾ ಕುಡಿಯುತ್ತ ಕುಳಿತಿದ್ದ. ಜೀವಮಾನದಲ್ಲಿ ಮೊದಲ ಸಲ ನನಗಿಂತ ಮೊದಲು ಎದ್ದಿದ್ದ. ಅದನ್ನು ಅವನು ಊರಿಗೆ ಬಂದ ಮೇಲೂ ಆರು ತಿಂಗಳು ಸಿಕ್ಕಸಿಕ್ಕವರಿಗೆ ಹೇಳಿದ.

ನಮ್ಮನ್ನು ಸುತ್ತಿಸಲು ಬಂದವಳು ನೋಯ್ ಎಂಬ ಹುಡುಗಿ. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ನಮಸ್ಕಾರ ಮಾಡುತ್ತಿದ್ದಳು. ನಮ್ಮ ಹಾಸ್ಟೆಲಿನ ಹುಡುಗಿಯರಿಗೆ ಕಲಿಸಲು ನನಗೆ ಮೂವತ್ತು ವರ್ಷ ಸಾಲದೆ ಹೋದ ನಮಸ್ಕಾರ ಅದು. ಮೊದಲ ದಿನವೇ ಬೀಜದ ವ್ಯಾಪಾರಿಗಳು ನಾಲ್ಕು ದಿಕ್ಕಿಗೆ ಚೆಲ್ಲಿಹೋದದ್ದನ್ನು ಕಂಡು ಅವಳ ಮುಖ ಸಣ್ಣದಾಯಿತು. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. ಅವಳ ಕೈಯಿಂದ ಹೆಸರಿನ ಪಟ್ಟಿ ತೆಗೆದುಕೊಂಡು ಹಾಜರಿ ಕರೆದೆ. ಅಂದಿನಿಂದ ಪಟ್ಟಿ ನನ್ನ ಕೈಯಲ್ಲೇ ಉಳಿಯಿತು. ಒಂದು ನಿಯಮವನ್ನೂ ಮಾಡಿದೆ: ಹೇಳಿದ ವೇಳೆಗಿಂತ ಐದು ನಿಮಿಷ ಹೆಚ್ಚು ಕಾಯುವುದು, ಆಮೇಲೆ ಬಸ್ಸು ಹೊರಡುವುದು, ಉಳಿದವರು ತಮ್ಮ ದಾರಿ ತಾವು ನೋಡಿಕೊಳ್ಳುವುದು. ಹೋಟೆಲಿನ ವಿಳಾಸದ ಚೀಟಿಯನ್ನು ಎಲ್ಲರ ಕಿಸೆಗೆ ಹಾಕಿಸಿದೆ. ಎರಡನೆಯ ದಿನ ಮಲ್ಲೇಶಣ್ಣನೇ ಸಿಕ್ಕಿಬಿದ್ದರು. ಬಸ್ಸು ಹೋಯಿತು. ಮೂರು ಗಾಲಿಯ ಗಾಡಿ ಹತ್ತಿ ಅರ್ಧ ತಾಸಿನ ಮೇಲೆ ಬಂದು ಸೇರಿಕೊಂಡ ಅವರು, ಹುಡುಗನಿದ್ದಾಗ ಇಂಥ ಅಕ್ಕಾರು ಸಿಕ್ಕಿದ್ದರೆ ತಾನು ಎಸ್ಸೆಸ್ಸೆಲ್ಸಿ ಪಾಸಾಗಿರುತ್ತಿದ್ದೆ ಎಂದರು.

ಊರು ಚೆಂದದ್ದು. ಹಳೆಯ ಊರಿನ ಸುತ್ತ ಚೌಕಾಕಾರದ ಕಂದಕ, ನೀರು ತುಂಬಿದ್ದು. ಚೌಕ ಎಂದರೆ ಗೆರೆ ಎಳೆದ ಚೌಕ. ನನ್ನಂಥವಳ ಮನಸ್ಸಿಗೆ ಅದೇ ಅರ್ಧ ಊಟ. ಪಶ್ಚಿಮಕ್ಕೆ ಬೆಟ್ಟ, ಬೆಟ್ಟದ ಮೇಲೆ ಬಂಗಾರದ ಬಣ್ಣದ ಸ್ತೂಪ. ಎರಡು ಹಾವುಗಳ ಮೈಯನ್ನೇ ಕಟಕಟೆ ಮಾಡಿದ ಮುನ್ನೂರು ಚಿಲ್ಲರೆ ಮೆಟ್ಟಿಲುಗಳನ್ನು ನಾನು ಎಣಿಸುತ್ತ ಹತ್ತಿದೆ. ಬಸು ಬೇರೆ ದಾರಿಯ ಗಾಡಿಯಲ್ಲಿ ಮೇಲೆ ಬಂದು ಎಳನೀರು ಕುಡಿಯುತ್ತ ನಿಂತಿದ್ದ. ಮೇಲೆ ಸಾಲಾಗಿ ಗಂಟೆಗಳು. ಭಕ್ತರು ಒಂದೊಂದನ್ನೇ ಬಾರಿಸುತ್ತ ಸಾಗಬೇಕು. ಬಾರಿಸಿ ಮುಗಿಸಿದ ಮೇಲೆ ನಡುವೆ ಒಂದು ಬಿಟ್ಟೆನೇನೋ ಎಂಬ ಅನುಮಾನ ಬಂತು. ತಿರುಗಿ ಹೋಗಿ ಮೊದಲಿನಿಂದ ಬಾರಿಸಿದೆ. ಒಬ್ಬ ಮುದುಕ ಭಿಕ್ಷು ನನ್ನನ್ನು ನೋಡಿ ನಕ್ಕರು. ಎರಡು ಪಟ್ಟು ಪುಣ್ಯ ಬಂದಿತೆಂದು ನಕ್ಕರೋ, ಒಂದೂ ಬರಲಿಲ್ಲವೆಂದು ನಕ್ಕರೋ, ತಿಳಿಯಲಿಲ್ಲ.

ರಾತ್ರಿಯ ಊಟಕ್ಕೆ ನೆಲದ ಮೇಲೆ ಚಾಪೆ, ಮುಂದೆ ದುಂಡನೆಯ ಗಿಡ್ಡ ಮಣೆ, ಅದರ ಮೇಲೆ ಬಟ್ಟಲುಗಳು. ಅದನ್ನು ನೋಡಿ ನಾವೆಲ್ಲ ಒಂದೇ ಸಲ ಅಡ್ಡಣಿಗೆ ಎಂದೆವು. ನಮ್ಮ ಅಜ್ಜ ಅಡ್ಡಣಿಗೆಯ ಮೇಲೆ ತಾಟು ಇಟ್ಟುಕೊಳ್ಳದೆ ಉಂಡವನಲ್ಲ. ನಮ್ಮ ಕಾಲಕ್ಕೆ ಅದು ಅಟ್ಟ ಸೇರಿ, ಮೇಜು ಬಂತು. ಸಮುದ್ರ ದಾಟಿ ಹೋದಲ್ಲಿ ಅಡ್ಡಣಿಗೆ ನಮ್ಮನ್ನು ಕಾಯುತ್ತಿತ್ತು. ಬಿದಿರಿನ ಸಣ್ಣ ಬುಟ್ಟಿಯಲ್ಲಿ ಅಂಟಂಟಾದ ಅನ್ನ, ಅದನ್ನು ಬೆರಳಲ್ಲಿ ಉಂಡೆ ಕಟ್ಟಿ ಚಟ್ನಿಗೆ ಅದ್ದಬೇಕು. ನಮ್ಮ ಪಾಲಿಗೆ ಮೀನು ಮಾಂಸ ಹಾಕದ ಚಟ್ನಿಯನ್ನು ನೋಯ್ ಬೇರೆಯಾಗಿ ಹೇಳಿ ಮಾಡಿಸಿದ್ದಳು.

ಮಲ್ಲೇಶಣ್ಣ ಎಡವಿದ್ದು ಇಲ್ಲಿಯೇ. ಬ್ಯಾಡಗಿಯವರ ಕಣ್ಣಿಗೆ ಒಂದು ಲೆಕ್ಕವಿದೆ. ಅವರ ಕಾಯಿ ಉದ್ದ, ಕಡುಗೆಂಪು, ಮೈಯೆಲ್ಲ ಸುಕ್ಕು; ಬಣ್ಣ ಕೊಡುತ್ತದೆ, ಖಾರ ಕೊಡುವುದಿಲ್ಲ. ಹೀಗಾಗಿ ಬಣ್ಣವಿಲ್ಲದ್ದನ್ನು ಅವರು ಮೆಣಸಿನಕಾಯಿ ಎಂದು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಬಟ್ಟಲಿನ ಅಂಚಿಗೆ ಚಿಕ್ಕ ಬೆರಳ ಉಗುರಿಗಿಂತ ತುಸು ಉದ್ದದ ಹಸಿರು ಕಾಯಿಗಳಿದ್ದವು. "ಇದು ಕಾಯಿ ಅಲ್ಲ, ಕಾಯಿ ಕೂಸು" ಎಂದು ಮಲ್ಲೇಶಣ್ಣ ಎರಡನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಮರುಕ್ಷಣ ಅನ್ನದ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಕಣ್ಣಲ್ಲಿ ನೀರು, ಕಿವಿ ಕೆಂಪು. ಬಸು ಅವರ ಮುಖವನ್ನೇ ನೋಡುತ್ತ, "ಈಗ ಬಂತು ನೋಡ್ರಿ ಬ್ಯಾಡಗಿ ಬಣ್ಣ" ಎಂದ.

ಮರುದಿನ ಛತ್ರಿ ಮಾಡುವ ಹಳ್ಳಿಗೆ ಹೋದಾಗ ಬಸುವಿಗೆ ಹೊಳೆದದ್ದು ಈ ಸಂಗತಿಯೇ. ಆ ಹಳ್ಳಿಯ ಅಂಗಳಗಳ ತುಂಬ ಬಿಸಿಲಿಗೆ ಹರವಿದ ಛತ್ರಿಗಳು. ಹಿಪ್ಪುನೇರಳೆ ಜಾತಿಯ ಮರದ ತೊಗಟೆಯನ್ನು ಬೇಯಿಸಿ ಕಾಗದ ಮಾಡುತ್ತಾರೆ. ಬಿದಿರನ್ನು ಸೀಳಿ ಕಡ್ಡಿ, ಕಡ್ಡಿಗಳನ್ನು ಹತ್ತಿಯ ನೂಲಿನಿಂದ ಬಿಗಿಯುತ್ತಾರೆ. ಒಬ್ಬ ಮುದುಕಿ ನೂಲು ಸುತ್ತುತ್ತಿದ್ದಳು. ಅವಳ ಬೆರಳು ನೋಡುತ್ತ ನಾನು ಅಲ್ಲಿಯೇ ಕುಳಿತುಬಿಟ್ಟೆ. ಎಳೆ ಒಂದು ಕಡೆ ಸಡಿಲವಿಲ್ಲ. ಆಶ್ರಮ ಶಾಲೆಯ ನೂಲಿನ ಪರೀಕ್ಷೆಯಲ್ಲಿ ನನಗೆ ಸದಾ ಮೊದಲ ಸ್ಥಾನ. ಅವಳ ಎದುರಿಗಾದರೆ ಬರುತ್ತಿರಲಿಲ್ಲ.

ಕೇಳಿದ ಚಿತ್ರವನ್ನು ಕಣ್ಣೆದುರಿಗೇ ಬರೆದುಕೊಡುವ ಹುಡುಗರಿದ್ದರು. ಬಸು ನನಗೊಂದು ಛತ್ರಿ ಕೊಂಡು, ಮೆಣಸಿನಕಾಯಿ ಬರೆಯಿರಿ ಎಂದ. ಚಿತ್ರಗಾರ ಕ್ಷಣಾರ್ಧದಲ್ಲಿ ನೆಟ್ಟಗಿನ, ನುಣುಪಾದ ಕಾಯಿ ಬರೆದ. ಮಲ್ಲೇಶಣ್ಣ ಅಡ್ಡ ಬಂದರು. ನಿನ್ನೆಯ ಮಾನ ಅವರಿಗೆ ಇನ್ನೂ ಮರಳಿರಲಿಲ್ಲ. ಸುಕ್ಕು ಬೇಕು ಎಂಬುದನ್ನು ಹೇಳಲು ಭಾಷೆಯಿಲ್ಲ. ತಮ್ಮ ಹಣೆ ತೋರಿಸಿದರು, ಮೊಣಕೈ ತೋರಿಸಿದರು. ಕೊನೆಗೆ ನನ್ನ ಮುಖವನ್ನು ಬೆರಳಿಟ್ಟು ತೋರಿಸಿದರು. ಚಿತ್ರಗಾರ ನನ್ನನ್ನು ಒಮ್ಮೆ ಗಂಭೀರವಾಗಿ ನೋಡಿ, ಸುಕ್ಕುಗಳನ್ನು ಬರೆದ. ಅಂಥ ಬ್ಯಾಡಗಿ ಕಾಯಿ ಬ್ಯಾಡಗಿಯ ಮಾರುಕಟ್ಟೆಯಲ್ಲೂ ಸಿಗುವುದಿಲ್ಲ. ಬಂದವರು ಹೊಗಳಿದಾಗ, ಮಾದರಿ ಯಾರೆಂಬುದನ್ನು ನಾನು ಹೇಳುವುದಿಲ್ಲ.

ಇಷ್ಟು ಮೆಣಸಿನಕಾಯಿಯ ಕಥೆ. ಈಗ ತೂತು.

ಅದಕ್ಕೂ ಮೊದಲು ಇನ್ನೊಂದು ಹಳೆಯ ಮಾತು ಹೇಳಬೇಕು. ಆ ಆಶ್ರಮ ಶಾಲೆಯಲ್ಲಿ ಬಸುವೂ ನನ್ನೊಂದಿಗಿದ್ದ. ನನಗೆ ಹದಿಮೂರು, ಅವನಿಗೆ ಹತ್ತು. ಪ್ರಾರ್ಥನೆಯ ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ಮೂರು ಸಲ ತಪ್ಪಿಸಿದವರನ್ನು ಮನೆಗೆ ಕಳಿಸುವ ನಿಯಮ. ಬಸು ನಿದ್ದೆಗಣ್ಣಿನವನು, ಎರಡು ಸಲ ತಪ್ಪಿಸಿದ್ದ. ಮೂರನೆಯ ಸಲ, ಒಂದು ಸಂಜೆಯ ಪ್ರಾರ್ಥನೆಗೆ ಅವನ ಜಾಗ ಖಾಲಿಯಿತ್ತು. ನಾನು ಅವನ ಹೆಸರಿನ ಮುಂದೆ ಗೈರು ಎಂದು ಬರೆದೆ. ಗುರುಗಳು ಎಲ್ಲಿ ಹೋಗಿದ್ದಾನೆ ಎಂದರು. ಹೊಳೆಯ ಕಡೆ ಹೋದದ್ದನ್ನು ನೋಡಿದ್ದೆ, ನೋಡಿದ್ದನ್ನು ಹೇಳಿದೆ. ನಾಲ್ಕು ದಿನಕ್ಕೆ ನಮ್ಮೂರು ಮೇಡ್ಲೇರಿಯಿಂದ ಅಪ್ಪ ಬಂದು ಅವನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಕರೆದೊಯ್ದ. ಅಲ್ಲಿಗೆ ಅವನ ಓದು ಮುಗಿಯಿತು. ಹೊಲ, ಆಮೇಲೆ ಯಾರದೋ ಬೀಜದ ಅಂಗಡಿಯಲ್ಲಿ ಕೆಲಸ, ಆಮೇಲೆ ಸ್ವಂತದ್ದು. ಅವನು ಆ ದಿನದ ಬಗ್ಗೆ ಒಮ್ಮೆಯೂ ಮಾತೆತ್ತಲಿಲ್ಲ.

ನಾನು ಎತ್ತಿದೆ. ಪ್ರತಿ ಜೂನಿನಲ್ಲಿ ಹಾಸ್ಟೆಲಿಗೆ ಹೊಸ ಹುಡುಗಿಯರು ಬಂದಾಗ ಮಾಡುವ ಮೊದಲ ಭಾಷಣದಲ್ಲಿ, ನಿಯಮದ ಮುಂದೆ ನನ್ನ ಸ್ವಂತ ತಮ್ಮನನ್ನೂ ಬಿಟ್ಟವಳಲ್ಲ ಎಂದು ಈ ಕಥೆ ಹೇಳುತ್ತಿದ್ದೆ. ಹೀಗೆ ಮೂವತ್ತು ಜೂನ್ ತಿಂಗಳು. ಹುಡುಗಿಯರು ಹೆದರುತ್ತಿದ್ದರು. ನನಗೆ ಸಮಾಧಾನವಾಗುತ್ತಿತ್ತು.

ನಮ್ಮ ಗೌರಿ ಹುಣ್ಣಿಮೆಯ ದಿನವೇ ಅಲ್ಲಿಯ ದೀಪದ ಹಬ್ಬ. ದೀಪಾವಳಿಗೆ ನಾವು ಆಕಾಶಬುಟ್ಟಿಯನ್ನು ಮನೆಯ ಮುಂದೆ ತೂಗುಹಾಕುತ್ತೇವೆ. ಅವರದು ನಿಜವಾಗಿ ಆಕಾಶಕ್ಕೇ ಹೋಗುತ್ತದೆ. ಕಾಗದದ ಬುಟ್ಟಿಯ ಕೆಳಗೆ ಬೆಂಕಿ ಹಚ್ಚಿ ನಾಲ್ಕು ಜನ ಹಿಡಿದು ಕೈಬಿಟ್ಟರೆ, ತೂಗಾಡುತ್ತ ಏರಿ ಚುಕ್ಕಿಗಳೊಳಗೆ ಚುಕ್ಕಿಯಾಗುತ್ತದೆ. ಕೆಳಗೆ ಪಿಂಗ್ ನದಿ. ಬಾಳೆದಿಂಡಿನ ಬಿಲ್ಲೆಗೆ ಬಾಳೆ ಎಲೆ ಮಡಚಿ, ಹೂವು, ಊದಿನಕಡ್ಡಿ, ಮೇಣದಬತ್ತಿ ಚುಚ್ಚಿ, ದಂಡೆಯಲ್ಲಿ ಮಂಡಿಯೂರಿ ನೀರಿಗೆ ಬಿಡುತ್ತಾರೆ. ವರ್ಷವೆಲ್ಲ ನೀರನ್ನು ತುಳಿದದ್ದಕ್ಕೆ, ಹೊಲಸು ಮಾಡಿದ್ದಕ್ಕೆ ಹೊಳೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಪದ್ಧತಿ ಇದು ಎಂದು ನೋಯ್ ಹೇಳಿದಳು. ಮೇಡ್ಲೇರಿಯಲ್ಲಿ ನಮ್ಮ ಅವ್ವ ಇದೇ ಹುಣ್ಣಿಮೆಗೆ ಜೋಳದ ದಂಟಿನ ಸಣ್ಣ ತೆಪ್ಪ ಕಟ್ಟಿ, ಅದರ ಮೇಲೆ ಒಂದು ಚೂರು ರೊಟ್ಟಿ, ಒಂದು ಹಣತೆ ಇಟ್ಟು ತುಂಗಭದ್ರೆಗೆ ಬಿಡುತ್ತಿದ್ದಳು. ಅವ್ವ ಹೋದ ಮೇಲೆ ಯಾರೂ ಬಿಟ್ಟಿರಲಿಲ್ಲ.

ಬಸ್ಸು ಎಂಟಕ್ಕೆ ಹೊರಡಬೇಕಿತ್ತು. ಸೇತುವೆಯ ಬಳಿ ಹೆಚ್ಚು ಹೊತ್ತು ನಿಲ್ಲಲು ಪೊಲೀಸರು ಬಿಡುವುದಿಲ್ಲ. ಏಳೂವರೆಯ ಹೊತ್ತಿಗೆ ಬಸು ನನ್ನ ಬಳಿ ಬಂದು, "ಅಕ್ಕಾ, ನಮ್ಮೂರಾಗ ಈಗ ಎಷ್ಟ ಗಂಟೆ?" ಎಂದು ಕೇಳಿದ. ಗಡಿಯಾರ ನೋಡಿ ಆರು ಎಂದೆ. ಸಕ್ಕರೆ ಆರತಿಯ ನೆನಪಾಗಿರಬೇಕು ಎಂದುಕೊಂಡೆ. ಅವನು ತಲೆಯಾಡಿಸಿ ಜನರೊಳಗೆ ಹೋದ.

ಎಂಟಾಯಿತು. ಹಾಜರಿ ಕರೆದೆ. ಇಪ್ಪತ್ತೊಂದು. ಎಂಟೂ ಐದಾಯಿತು. ಅವನ ಮೊಬೈಲು ಆ ದೇಶದಲ್ಲಿ ನಡೆಯುತ್ತಿರಲಿಲ್ಲ. ವಿಳಾಸದ ಚೀಟಿಯನ್ನು ಹಾಕಿಕೊಂಡಿದ್ದ ಅಂಗಿಯನ್ನು ಅವನು ಬೆಳಿಗ್ಗೆ ಒಗೆಯಲು ಕೊಟ್ಟದ್ದು ನನಗೆ ಗೊತ್ತಿತ್ತು. ಭಾಷೆ ಬಾರದ ಊರು, ಲಕ್ಷ ಜನ, ಕತ್ತಲೆಯ ಹೊಳೆದಂಡೆ. ಪೊಲೀಸ್ ಒಬ್ಬ ಬಸ್ಸಿನ ಬಾಗಿಲು ಬಡಿದ. ನೋಯ್ ನನ್ನ ಮುಖ ನೋಡಿದಳು. ಇಡೀ ಬಸ್ಸು ನನ್ನ ಕೈಯಲ್ಲಿದ್ದ ಪಟ್ಟಿಯನ್ನೇ ನೋಡುತ್ತಿತ್ತು. ಮಲ್ಲೇಶಣ್ಣ ಮೆಲ್ಲಗೆ, "ಅಕ್ಕಾರ, ರೂಲು ನೀವ ಮಾಡಿದ್ದು. ಮುರಿಯಾಕೂ ನಿಮಗ ಹಕ್ಕ ಐತಿ" ಎಂದರು.

ಪೆನ್ನು ಅವನ ಹೆಸರಿನ ಮುಂದೆ ಬಂದು ನಿಂತಿತ್ತು. ಹಿಂದೊಮ್ಮೆ ಅಲ್ಲಿ ಗೈರು ಎಂದು ಬರೆದ ಕೈ ಇದೇ. ಪಟ್ಟಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. ಬಸ್ಸು ಹೋಗಲಿ ಎಂದು ನೋಯ್‌ಗೆ ಹೇಳಿ, ಅಂದೇ ಕೊಂಡಿದ್ದ ಮೆಣಸಿನಕಾಯಿಯ ಛತ್ರಿ ಹಿಡಿದುಕೊಂಡು ಇಳಿದೆ.

ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಲ್ಲರೂ ದೀಪ ಬಿಟ್ಟು ಎದ್ದು ಹೋಗುವಲ್ಲಿ ಒಬ್ಬನೇ ಬಗ್ಗಿ ಕುಳಿತಿದ್ದ. ಬಾಳೆದಿಂಡಿನ ದೀಪದಿಂದ ಹೂವು ಕಿತ್ತು ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಕಡಕ್ ರೊಟ್ಟಿಯ ಒಂದು ಚೂರು ಇಟ್ಟಿದ್ದ. ಗಾಳಿಗೆ ಮೇಣದಬತ್ತಿ ನಿಲ್ಲುತ್ತಿರಲಿಲ್ಲ. ಸುತ್ತ ನಾಲ್ಕೈದು ಸುಟ್ಟ ಬೆಂಕಿಕಡ್ಡಿಗಳು ಬಿದ್ದಿದ್ದವು.

ಬಾಯಿಗೆ ಬಂದದ್ದು ಎಂಟೂ ಹದಿನೈದಾಯಿತು ಎಂಬ ಮಾತು. ಅದನ್ನು ನುಂಗಿಕೊಂಡು, "ಯಾಕ ಬಸು?" ಎಂದೆ.

"ಊರಾಗ ಆರೂವರಿ ಆಗಬೇಕಲ್ಲ" ಎಂದ, ತಿರುಗಿ ನೋಡದೆ. "ಅವ್ವ ಬಿಡತಿದ್ದ ವ್ಯಾಳ್ಯಾ."

ನನ್ನ ಕೈಗಡಿಯಾರದಲ್ಲಿ ಆರೂವರೆ ದಾಟಿತ್ತು. ನಾಲ್ಕು ದಿನದಿಂದ ಆ ವೇಳೆಯನ್ನು ಕೈಗೆ ಕಟ್ಟಿಕೊಂಡು ತಿರುಗಿದವಳು ನಾನು; ಅದನ್ನು ಬಳಸಿದವನು ಅವನು. ಪಕ್ಕದಲ್ಲಿ ಕುಳಿತು, ಗಾಳಿಗೆ ಅಡ್ಡವಾಗಿ ಛತ್ರಿ ಬಿಚ್ಚಿದೆ. ಬತ್ತಿ ಹತ್ತಿತು, ಅದರಿಂದ ಊದಿನಕಡ್ಡಿಯೂ.

"ಆವತ್ತೂ ಹಿಂಗ ಗಾಳಿ ಇತ್ತು" ಎಂದ.

"ಯಾವತ್ತು?"

"ಸಾಲ್ಯಾಗ. ಗೌರಿ ಹುಣ್ಣಿಮಿ ದಿನ. ಮಧ್ಯಾಹ್ನದ ರೊಟ್ಟಿ ಉಳಿಸಿಕೊಂಡು ಹೊಳಿಗೆ ಹೋಗಿದ್ನೆಲ್ಲ."

ಅದು ಯಾವ ತಿಥಿ ಎಂದು ನಾನು ಹಾಜರಿ ಪುಸ್ತಕದಲ್ಲಿ ಬರೆದಿರಲಿಲ್ಲ. ತಾರೀಖು ಮಾತ್ರ ಬರೆದಿದ್ದೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಎಲ್ಲಿ ಹೋಗಿದ್ದಿ ಅಂತ ಕೇಳಿದ್ರು, ಹೇಳಿದೆ. ಯಾಕ ಅಂತ ಯಾರೂ ಕೇಳಲಿಲ್ಲ." ಅಂಗಡಿಯಲ್ಲಿ ಗಿರಾಕಿಗೆ ಹೇಳುವಷ್ಟೇ ಸಹಜವಾಗಿ ಸೇರಿಸಿದ: "ನಿನ್ನೂ ಕರಿಬೇಕಂತ ಬಂದಿದ್ದೆ ಅಕ್ಕಾ. ನೀ ಪುಸ್ತಕ ಹಿಡಕೊಂಡು ಬಾಗಿಲದಾಗ ನಿಂತಿದ್ದಿ. ಅಂಜಿಕಿ ಬಂತು."

ಛತ್ರಿ ಹಿಡಿದೇ ಅವನ ಕಡೆ ತಿರುಗಿದೆ. ಊದಿನಕಡ್ಡಿಯ ತುದಿ ಛತ್ರಿಗೆ ತಾಗಿ, ಎಣ್ಣೆ ಹಚ್ಚಿದ ಕಾಗದ ಚುರ್ ಎಂದಿತು. ಬಸು ಎರಡು ಬೆರಳಿನಿಂದ ಚಿವುಟಿ ಆರಿಸಿದ. ಬೀಜ ಆರಿಸುವ ಬೆರಳು, ಗುರಿ ತಪ್ಪಲಿಲ್ಲ.

"ತಪ್ಪಾತು ಬಸು" ಎಂದೆ.

"ಹೊಳಿಗೆ ಹೇಳು. ಇಲ್ಲಿ ಅದ ಪದ್ಧತಿ ಅಂತ" ಎಂದು ನಕ್ಕ. ಆಮೇಲೆ ದೀಪದ ಒಂದು ಬದಿಯನ್ನು ನನ್ನ ಕಡೆ ತಿರುಗಿಸಿ, "ಹಿಡಿ" ಎಂದ.

ಇಬ್ಬರೂ ಹಿಡಿದು ಬಿಟ್ಟೆವು. ಅದು ಒಮ್ಮೆ ದಂಡೆಗೆ ತಿರುಗಿ ಬಂತು. ಮತ್ತೆ ನೂಕಿದೆವು. ಆಮೇಲೆ ಬೇರೆ ಸಾವಿರ ದೀಪಗಳ ನಡುವೆ ನಮ್ಮದು ಯಾವುದೆಂದು ಗುರುತಿಸಲಾಗಲಿಲ್ಲ. ಬಸು ಮಾತ್ರ ರೊಟ್ಟಿಯ ಭಾರಕ್ಕೆ ವಾಲಿದ್ದೇ ನಮ್ಮದೆಂದು ಬಹಳ ಹೊತ್ತು ತೋರಿಸುತ್ತಿದ್ದ.

ಹೋಟೆಲಿಗೆ ನಡೆದೇ ಹೋದೆವು. ಎರಡು ಸಲ ದಾರಿ ತಪ್ಪಿದೆವು. ಬಾಗಿಲಲ್ಲಿ ಮಲ್ಲೇಶಣ್ಣ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಪಟ್ಟಿ ತಮ್ಮ ಕೈಗೆ ಕೊಡಬೇಕೆಂದೂ, ತಡವಾಗಿ ಬಂದವರ ಹೆಸರು ಬರೆದುಕೊಳ್ಳಬೇಕೆಂದೂ ಹೇಳಿದರು. ಕೊಟ್ಟೆ. ನನ್ನ ಹೆಸರಿನ ಮುಂದೆ ಅವರು ಒಂದು ಮೆಣಸಿನಕಾಯಿ ಬರೆದರು. ಹಾಸ್ಟೆಲಿನ ಭಾಷಣಕ್ಕೆ ನನ್ನನ್ನು ಜೂನಿನಲ್ಲಿ ಈಗಲೂ ಕರೆಯುತ್ತಾರೆ. ಕಥೆ ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ. ಹುಡುಗಿಯರು ಮೊದಲಿನಷ್ಟು ಹೆದರುವುದಿಲ್ಲ.

ಈಗ ಪ್ರತಿ ಗೌರಿ ಹುಣ್ಣಿಮೆಗೆ ನಾವಿಬ್ಬರೂ ಮೇಡ್ಲೇರಿಗೆ ಹೋಗುತ್ತೇವೆ. ನಾನು ಹಾವೇರಿಯಿಂದ ರಾಣೆಬೆನ್ನೂರಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದು, ಅವನು ಅಲ್ಲಿಗೆ ಬರುವುದು. ಹೋದ ವರ್ಷ ನಲವತ್ತು ನಿಮಿಷ ತಡ ಮಾಡಿದ. ಎರಡು ಬಸ್ಸು ಹೋದವು. ಗಡಿಯಾರ ನೋಡಿಕೊಳ್ಳಲಿಲ್ಲ ಎಂದರೆ ಸುಳ್ಳಾದೀತು. ಏಳು ಸಲ ನೋಡಿಕೊಂಡೆ. ಅವನು ಕೈಚೀಲ ಎದೆಗೆ ಒತ್ತಿಕೊಂಡು ಏದುಸಿರು ಬಿಡುತ್ತ ಬಂದಾಗ, ಎಷ್ಟು ಹೊತ್ತಾಯಿತೆಂದು ಹೇಳಲಿಲ್ಲ. ಯಾಕೆಂದು ಕೇಳಿದೆ.

"ಅರ್ಧ ದಾರಿಗೆ ಬಂದಿದ್ದೆ ಅಕ್ಕಾ" ಎಂದ. "ರೊಟ್ಟಿ ಮರೆತಿದ್ದೆ. ತಿರುಗಿ ಹೋದೆ."